ಕೋಳಿಯ ಕತ್ತು, ಕೋಣನ ಕಣ್ಣು

ಬಂಟ್ವಾಳದ ಕಡೆ ಯಾವ ಮನೆಯಂಗಳದಲ್ಲಾದರೂ ಊರ ಕೋಳಿ ನಡೆಯುವುದನ್ನು ಗಮನಿಸಿ. ತಲೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ತೂಗಿದಂತೆ ಕಾಣುತ್ತದೆ. ಎರಡೇ ಕಾಲಿನ ಜೀವ, ಬೀಳದಿರಲೆಂದು ಹೀಗೆ ತೂಕ ಸರಿದೂಗಿಸಿಕೊಳ್ಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಸಲಿಗೆ ನಡೆಯುವ ಕೋಳಿಯ ತಲೆ ಹಿಂದಕ್ಕೆ ಹೋಗುವುದೇ ಇಲ್ಲ.

ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಧಾನವಾಗಿ ಓಡಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ತಲೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತದೆ, ಮೈ ಮಾತ್ರ ಅದರಡಿಯಲ್ಲಿ ಮುಂದೆ ಸಾಗುತ್ತದೆ. ಆಮೇಲೆ ತಲೆ ಥಟ್ಟನೆ ಮುಂದಕ್ಕೆ ಚಿಮ್ಮಿ ಮತ್ತೆ ನಿಲ್ಲುತ್ತದೆ. ನಿಂತ ಆ ಗಳಿಗೆಯಲ್ಲಿ ಅಕ್ಷಿಪಟದ ಮೇಲಿನ ಚಿತ್ರ ಕದಲದು; ಕಾಳೋ ಹುಳುವೋ ಸ್ಪಷ್ಟವಾಗಿ ಕಾಣುತ್ತದೆ. ಕೆನಡಾದ ವಿಜ್ಞಾನಿ ಬ್ಯಾರಿ ಫ್ರಾಸ್ಟ್ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದ ಪ್ರಯೋಗವನ್ನು 1978ರಲ್ಲಿ ಪ್ರಕಟಿಸಿದರು. ಕಾಲು ನಡೆಯುತ್ತಿತ್ತು, ಆದರೆ ಹಕ್ಕಿ ಇದ್ದಲ್ಲೇ ಇದ್ದುದರಿಂದ ಸುತ್ತಲಿನ ನೋಟ ಸರಿಯುತ್ತಿರಲಿಲ್ಲ. ಕತ್ತಿನ ಕುಣಿತ ಬಹುಮಟ್ಟಿಗೆ ನಿಂತೇಹೋಯಿತು. ತೂಕ ಸರಿದೂಗಿಸುವುದೇ ಕಾರಣವಾಗಿದ್ದರೆ ಅದು ನಿಲ್ಲಬಾರದಿತ್ತು. ಕತ್ತನ್ನು ಕುಣಿಸುವುದು ಕಣ್ಣು.

ಹಕ್ಕಿಗೂ ನಮ್ಮಂತೆ ಪ್ರತಿ ಕಣ್ಣುಗುಡ್ಡೆಗೆ ಆರು ಸ್ನಾಯುಗಳಿವೆ. ಆದರೆ ತಲೆಬುರುಡೆಯಲ್ಲಿ ಸಾಕಷ್ಟು ಜಾಗವನ್ನು ಕಣ್ಣೇ ತುಂಬಿಕೊಂಡಿರುವಾಗ ಹೊರಳಲು ಎಡೆ ಕಡಿಮೆ. ಹಾಗಾಗಿ ನಮ್ಮಲ್ಲಿ ಕಣ್ಣು ಮಾಡುವ ಕೆಲಸದ ದೊಡ್ಡ ಪಾಲನ್ನು ಅದರ ಕತ್ತು ಮಾಡುತ್ತದೆ.

ಈ ಸ್ನಾಯುಗಳು ಬರೀ ಎಳೆಯುವ ಹಗ್ಗಗಳು ಎಂಬುದು ಇನ್ನೊಂದು ತಪ್ಪು ಕಲ್ಪನೆ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರತುದಿಯನ್ನು ರೆಪ್ಪೆಯ ಮೇಲಿನಿಂದ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಲೋಕವೇ ಜರುಗಿದಂತಾಗುತ್ತದೆ. ಕಣ್ಣನ್ನು ನಾವೇ ಹೊರಳಿಸಿದರೆ ಹಾಗಾಗದು. ತಾನು ಕಳಿಸಿದ ಆಜ್ಞೆಯ ಲೆಕ್ಕವನ್ನು ಮಿದುಳು ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಾದಿಸಿದರು. ಸ್ನಾಯುಗಳೂ ತಮ್ಮ ಸೆಳೆತದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ ಎಂದು 1918ರಲ್ಲಿ ಶರೀರವಿಜ್ಞಾನಿ ಶೆರಿಂಗ್ಟನ್ ಬರೆದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆಜ್ಞೆಯ ಲೆಕ್ಕವೇ ಮುಖ್ಯವೆಂದು ಇಂದು ಬಹುತೇಕರು ಒಪ್ಪುತ್ತಾರೆ; ಆದರೆ ಸ್ನಾಯುವಿನ ಸುದ್ದಿಯೂ ಸುಳ್ಳಲ್ಲ. ಕಣ್ಣು ಎತ್ತ ತಿರುಗಿದೆ ಎಂಬ ಸಂಕೇತ ಕೋತಿಯ ಮಿದುಳಿನ ಸ್ಪರ್ಶಭಾಗದಲ್ಲೂ ಇದೆ ಎಂಬುದು 2007ರಲ್ಲಿ ಪತ್ತೆಯಾಯಿತು.

ಸುದ್ದಿ ಒಯ್ಯುವ ಸಾಧನಗಳಲ್ಲಿ ಮುಖ್ಯವಾದದ್ದು ನೂಲುವ ಕದಿರಿನಂತೆ ನಡು ಉಬ್ಬಿ ತುದಿ ಸಪೂರವಾದ ಒಂದು ಸೂಕ್ಷ್ಮ ಅಂಗ. ಸ್ನಾಯು ಹಿಗ್ಗಿದರೆ ಅದರೊಳಗೆ ಸುತ್ತಿಕೊಂಡ ನರ ಮಿಡಿಯುತ್ತದೆ. ಹದ್ದಿನ, ಬೆಕ್ಕಿನ ಚುರುಕು ಕಣ್ಣಿನಲ್ಲೇ ಇದು ಹೆಚ್ಚಿರಬೇಕು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಬೆಕ್ಕಿನ ಕಣ್ಣಿನ ಸ್ನಾಯುಗಳಲ್ಲಿ ಈ ಕದಿರುಗಳಿಲ್ಲ, ನಾಯಿಯಲ್ಲೂ ಇಲ್ಲ. ಹೇರಳವಾಗಿರುವುದು ದನ, ಕುರಿ, ಆಡು, ಹಂದಿಗಳಂಥ ಸೀಳುಗೊರಸಿನ ಪ್ರಾಣಿಗಳಲ್ಲಿ. ಮೂಡುಬಿದಿರೆಯ ಕಡಲಕೆರೆ, ಬಂಟ್ವಾಳದ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ವೇಣೂರು ಪೆರ್ಮುಡದ ಕಂಬಳದ ಕರೆಗಳಲ್ಲಿ ಕೆಸರು ಚಿಮ್ಮಿಸಿ ಓಡುವ ಕೋಣಗಳೂ ಇದೇ ಬಳಗದವು. ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಎನ್ನುವವರು ಈ ಬಳಗದ ಕಣ್ಣನ್ನಾದರೂ ಕಡೆಗಣಿಸಬಾರದು. ಕದಿರು ಹೆಚ್ಚಿದ್ದರೆ ನೋಟ ಚುರುಕು ಎಂದೂ ತಿಳಿಯಬೇಕಿಲ್ಲ. ಅದರ ಸುದ್ದಿ ಕಣ್ಣಿನ ನಿಲುವಿಗೆ ಸಂಬಂಧಿಸಿದ್ದು, ನೋಟದ ಹರಿತಕ್ಕಲ್ಲ.

ಕಣ್ಣಿನ ಸ್ನಾಯುಗಳು ಸುದ್ದಿ ಕಳಿಸುತ್ತವೆ ಎಂಬುದಕ್ಕೆ ಹಕ್ಕಿಯಲ್ಲೂ, ಅದೇ ಪಾರಿವಾಳದಲ್ಲಿ, ಒಂದು ಸುಳಿವು ಸಿಕ್ಕಿತು. 1990ರ ದಶಕದ ಆರಂಭದಲ್ಲಿ ನಾಕ್ಸ್ ಮತ್ತು ಡೊನಾಲ್ಡ್‌ಸನ್ ಎಂಬ ವಿಜ್ಞಾನಿಗಳು ಪಾರಿವಾಳದ ಒಂದು ಕಣ್ಣನ್ನು ಹೊರಗಿನಿಂದ ಅಲುಗಿಸಿ ನೋಡಿದರು. ಮೈ ತಿರುಗಿದಾಗ ನೋಟವನ್ನು ಸ್ಥಿರವಾಗಿಡುವ ಪ್ರತಿಕ್ರಿಯೆ ಇನ್ನೊಂದು ಕಣ್ಣಿನಲ್ಲಿ ಬದಲಾಯಿತು. ಅಲುಗಿಸಿದ ಕಣ್ಣಿನ ಸ್ನಾಯುಗಳಿಂದ ಸುದ್ದಿ ಹೋಗದೆ ಇದಾಗದು.

ಇನ್ನು ಗೂಬೆ. ಅದು ತಲೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸುತ್ತದೆ, ಅದರಲ್ಲೇನೋ ಮಾಟವಿದೆ ಎಂಬ ಮಾತು ತೋಟದ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ತಿರುಗುವುದು ಒಂದು ಬದಿಗೆ ಹೆಚ್ಚೆಂದರೆ 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು. ಗೂಬೆಯ ಕಣ್ಣು ಗುಂಡಗಿಲ್ಲ, ಕೊಳವೆಯಂತೆ ನೀಳವಾಗಿದೆ. ಎಲುಬಿನ ಬಳೆಯೊಂದು ಅದನ್ನು ಬಿಗಿದಿದೆ. ಸ್ನಾಯುಗಳಿದ್ದರೂ ಅದು ಒಂದೆರಡು ಡಿಗ್ರಿಗಿಂತ ಹೆಚ್ಚು ಕದಲದು. ಆ ಕೊರತೆಯನ್ನು ತುಂಬುವುದು ಕತ್ತಿನ 14 ಮೂಳೆಗಳು, ಮನುಷ್ಯನಿಗಿರುವುದು 7. ಅಷ್ಟು ತಿರುಚಿದರೂ ರಕ್ತನಾಳ ಏಕೆ ಹಿಸುಕಿಹೋಗುವುದಿಲ್ಲ ಎಂಬುದನ್ನು 2013ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ತೋರಿಸಿಕೊಟ್ಟಿತು. ಮೂಳೆಯ ರಂಧ್ರಗಳು ನಾಳಕ್ಕಿಂತ ಸುಮಾರು ಹತ್ತು ಪಟ್ಟು ಅಗಲವಾಗಿವೆ.

ಮುಸ್ಸಂಜೆ ತೋಟದಂಚಿನಲ್ಲಿ ಕೂತು ತಲೆ ತಿರುಗಿಸುವ ಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವುದು ಅನ್ಯಾಯ. ಕೋಕೋ ಕಾಯಿ, ಎಳನೀರು ಕೊರೆಯುವ ಇಲಿಯ ಸದ್ದು ಹಿಡಿದು, ಹೊರಳಿಸಲಾಗದ ಕಣ್ಣನ್ನು ಅತ್ತ ಒಯ್ಯಲು ಅದಕ್ಕಿರುವ ದಾರಿ ಅದೊಂದೇ.