ರೊಟ್ಟಿನೂ ದುಂಡು, ಮುದ್ದೆನೂ ದುಂಡು: ಕಾಯಿ, ಬೀಜ, ಕಾಂಡದ ಆಕಾರ ಸರಿಯಾಗಿ ಹೇಳೋದು ಹೇಗೆ?

ದೊಡ್ಡಉಳ್ಳಾರ್ತಿ (ಚಳ್ಳಕೆರೆ ತಾ.): ರೊಟ್ಟಿ ಹೇಗಿರುತ್ತೆ? ದುಂಡಗೆ. ರಾಗಿ ಮುದ್ದೆ? ಅದೂ ದುಂಡಗೆ. ಮಾತಿನಲ್ಲಿ ಎರಡಕ್ಕೂ ನಾವು ಒಂದೇ ಪದ ಬಳಸ್ತೀವಿ. ಊಟಕ್ಕೆ ಕೂತಾಗ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಹೊಲದಲ್ಲಿ ಹೊಸ ಕಳೆ ಎದ್ದಾಗ, ಅಂಗಡಿಗೆ ಬಂದ ಸಾಸಿವೆ ಮೂಟೆ ಮೇಲೆ ಅನುಮಾನ ಬಂದಾಗ ಬರೀ "ದುಂಡಗೈತೆ" ಅಂದ್ರೆ ಕೇಳಿದವರಿಗೆ ಏನೂ ತಿಳಿಯಲ್ಲ.

ಸಸ್ಯಶಾಸ್ತ್ರದವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಎಲೆಯಂಥ ಚಪ್ಪಟೆ ಭಾಗಕ್ಕೆ ಒಂದು ಪದ, ಕಾಯಿ, ಬೀಜ, ಗಡ್ಡೆಯಂಥ ಗಟ್ಟಿ ಭಾಗಕ್ಕೆ ಇನ್ನೊಂದು ಪದ. ದಾಸವಾಳದ ಎಲೆ ಮೊಟ್ಟೆಯ ಚಿತ್ರ ಬರೆದ ಹಾಗಿದೆ, ಅದು ಓವೇಟ್. ಕೈಯಲ್ಲಿ ಹಿಡಿದ ಮೊಟ್ಟೆಯ ಹಾಗೆ ಕಾಯಿ ಇದ್ದರೆ ಅದು ಓವಾಯ್ಡ್. ನಾವು ಎರಡಕ್ಕೂ ಅಂಡಾಕಾರ ಅಂದುಬಿಡ್ತೀವಿ. 1976ರಲ್ಲಿ ಸಲ್ಡಾನ ಮತ್ತು ನಿಕಲ್ಸನ್ ಹೊರತಂದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥದಂಥ ಪುಸ್ತಕಗಳಲ್ಲಿ ಪ್ರತಿ ಗಿಡಕ್ಕೂ ಫೋಟೊ ಇರಲ್ಲ. ಪದ ಓದಿಯೇ ಗಿಡ ಗುರುತು ಹಿಡೀಬೇಕು. ಅದಕ್ಕೇ ಇಷ್ಟು ಕಟ್ಟುನಿಟ್ಟು.

ನಮ್ಮ ಸುತ್ತಲೇ ಇರುವ ಆಕಾರಗಳು

ಗ್ಲೋಬೋಸ್ ಅಂದ್ರೆ ಮುದ್ದೆಯ ಹಾಗೆ ಎಲ್ಲಾ ಕಡೆಯಿಂದಲೂ ಗುಂಡು. ಸಾಸಿವೆ, ಕಾಳು ಮೆಣಸು ಈ ಗುಂಪು.

ಎಲಿಪ್ಸಾಯ್ಡ್ ಅಂದ್ರೆ ನಡು ದಪ್ಪ, ಎರಡೂ ತುದಿ ಒಂದೇ ಸಮ ಸಣ್ಣ. ಬೇವಿನ ಹಣ್ಣು ನೋಡಿ. ಓವಾಯ್ಡ್ ಆದರೆ ತೊಟ್ಟಿನ ಕಡೆ ದಪ್ಪ, ತುದಿ ಕಡೆ ಸಣ್ಣ. ಇದು ತಿರುವುಮುರುವಾಗಿ ತುದಿ ದಪ್ಪ ಇದ್ದರೆ ಓಬೋವಾಯ್ಡ್. ಅಂದ್ರೆ ತೊಟ್ಟು ಯಾವ ಕಡೆ ಅಂತ ಹೇಳದೆ ಮೊಟ್ಟೆ ಆಕಾರ ಅಂದರೆ ಅರ್ಧ ಮಾತು ಹೇಳಿದ ಹಾಗೆ.

ಫ್ಯೂಸಿಫಾರ್ಮ್ ಅಂದ್ರೆ ಕದಿರಿನ ಆಕಾರ. ಕಂಬಳಿ ಉಣ್ಣೆ ನೂಲುವ ಮನೆಗಳಲ್ಲಿ ಕದಿರು, ಮೊಳಕಾಲ್ಮುರು ಮಗ್ಗದಲ್ಲಿ ಲಾಳಿ ಕಂಡವರಿಗೆ ಬೇರೆ ವಿವರಣೆ ಬೇಡ. ನಡು ದಪ್ಪ, ಎರಡೂ ತುದಿ ಚೂಪು. ಮೂಲಂಗಿ ಇದಕ್ಕೆ ಪಾಠದ ಪುಸ್ತಕದ ಉದಾಹರಣೆ.

ಮೊನಿಲಿಫಾರ್ಮ್ ಅಂದ್ರೆ ಮಣಿ ಪೋಣಿಸಿದ ಸರದ ಆಕಾರ. ಕರಿಜಾಲಿ ಕಾಯಿ ಬೀಜ ಬೀಜದ ಮಧ್ಯೆ ಕಿರಿದಾಗಿ ಮಣಿಸರದ ಹಾಗೇ ಕಾಣುತ್ತೆ. ಬಳ್ಳಾರಿ ಜಾಲಿ ಕಾಯಿ ಹಾಗಲ್ಲ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಇರುತ್ತೆ. ಉಳ್ಳಾರ್ತಿ ಕಾವಲಿನ ಕಡೆ ಕುರಿ ಹೊಡೆದವರಿಗೆ ಈ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತೆ, ಪದ ಮಾತ್ರ ಹೊಸದು.

ಕಾಂಡಕ್ಕೂ ಆಕಾರ ಇದೆ. ಮಂಗರವಳ್ಳಿಯ ಎಳೆ ಕಾಂಡಕ್ಕೆ ನಾಲ್ಕು ಮೂಲೆ. ಜೇಕಿನ ಕಾಂಡಕ್ಕೆ ಮೂರು ಮೂಲೆ, ಅದಕ್ಕೆ ಟ್ರೈಗೋನಸ್ ಅಂತಾರೆ. ಹುಲ್ಲಿನ ಕಾಂಡ ಸಾಮಾನ್ಯವಾಗಿ ಗುಂಡು, ಅದು ಟೆರೀಟ್. ಬೆರಳ ನಡುವೆ ಹೊಸೆದು ನೋಡಿದರೆ ಸಾಕು, ಜೇಕಿನ ಮೂಲೆ ಕೈಗೆ ತಾಗುತ್ತೆ. ಇದರಲ್ಲಿ ದುಡ್ಡಿನ ವಿಷಯವೂ ಇದೆ. ಹುಲ್ಲಿಗಷ್ಟೇ ಕೆಲಸ ಮಾಡುವ ಕಳೆನಾಶಕ ತಂದು ಹೊಡೆದರೆ ಜೇಕು ಸಾಯಲ್ಲ. ಔಷಧಿ, ಕೂಲಿ ಎರಡೂ ದಂಡ.

ಶೇಂಗಾ ಕಾಯಿಗೂ ಸೊಂಟ, ಕೊಕ್ಕು

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಶೇಂಗಾ ನಮ್ಮ ಜೀವನ. ಶೇಂಗಾ ತಳಿ ಗುರುತಿಸೋದೂ ಆಕಾರದಿಂದಲೇ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ತಳಿ ನೋಂದಣಿ ಮಾಡುವಾಗ ಕಾಯಿಯ ಸೊಂಟ ಎಷ್ಟು ಒಳಗೆ ಹೋಗಿದೆ, ತುದಿಯ ಕೊಕ್ಕು ಎಷ್ಟು ಚಾಚಿದೆ, ಸಿಪ್ಪೆ ಮೇಲಿನ ಬಲೆಯಂಥ ಗೆರೆ ಎಷ್ಟು ಎದ್ದಿದೆ ಅಂತ ನೋಡ್ತಾರೆ. ಬಿತ್ತನೆ ಬೀಜದ ಮೂಟೆ ಬಿಚ್ಚಿದಾಗ ಒಂದು ಹಿಡಿ ಕಾಯಿ ಹರಡಿ ಈ ಮೂರನ್ನೂ ನೋಡಿ. ಕೆಲವಕ್ಕೆ ಆಳವಾದ ಸೊಂಟ, ಕೆಲವಕ್ಕೆ ಸೊಂಟವೇ ಇಲ್ಲ ಅಂದ್ರೆ ಬೇರೆ ತಳಿ ಬೆರೆತಿರಬಹುದು. ಬಿತ್ತುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಅಂಗಡಿಯವರು ಗಮನಿಸಿ

ರಸ್ತೆ ಪಕ್ಕ, ಬೀಳು ಹೊಲದಲ್ಲಿ ಹಳದಿ ಹೂ ಬಿಡುವ ಮುಳ್ಳಿನ ಗಿಡ ನೋಡಿರ್ತೀರಿ. ಮುರಿದರೆ ಹಳದಿ ಹಾಲು ಬರುತ್ತೆ. ಅದು ಆರ್ಜಿಮೋನ್. ಕೆಲವರು ಇದನ್ನೂ ದತ್ತೂರಿ ಅಂತಾರೆ, ಉಮ್ಮತ್ತಿಯನ್ನೂ ದತ್ತೂರಿ ಅಂತಾರೆ. ಹೆಸರು ಒಂದಾದರೂ ಕಾಯಿ ಬೇರೆ. ಆರ್ಜಿಮೋನ್ ಕಾಯಿ ಉದ್ದನೆಯ ಎಲಿಪ್ಸಾಯ್ಡ್. ನಮ್ಮಲ್ಲಿ ಕಾಣುವ ಉಮ್ಮತ್ತಿಯ ಕಾಯಿ ಗುಂಡು. ಎರಡರ ಮೇಲೂ ಮುಳ್ಳು ಇರೋದರಿಂದ ಬರೀ "ಮುಳ್ಳು ಕಾಯಿ" ಅಂದರೆ ಸಾಲದು. ಎರಡೂ ವಿಷ.

ಆರ್ಜಿಮೋನ್ ಬೀಜ ಸಾಸಿವೆಯಷ್ಟೇ ಸಣ್ಣದು, ಹೆಚ್ಚುಕಡಿಮೆ ಗುಂಡು, ಕಪ್ಪು. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಊದಿಕೊಳ್ಳೋದು, ಉಸಿರು ಕಟ್ಟೋದು ಅದರ ಲಕ್ಷಣ.

ಇಲ್ಲಿ ಆಕಾರದ ಜೊತೆ ಮೈಯನ್ನೂ ನೋಡಬೇಕು. ಸಾಸಿವೆಯ ಮೈ ನಯ, ಒಡೆದರೆ ಒಳಗೆ ಹಳದಿ. ಆರ್ಜಿಮೋನ್ ಬೀಜದ ಮೈ ತರಿತರಿ, ಒಡೆದರೆ ಒಳಗೆ ಬಿಳಿ. ಎಫ್‌ಎಸ್‌ಎಸ್‌ಎಐ ಹೇಳಿರುವ ಪರೀಕ್ಷೆಯೂ ಇದೇ. ಬಿಳಿ ಹಾಳೆ ಮೇಲೆ ಒಂದು ಚಮಚ ಹರಡಿ ನೋಡಲು ಎರಡು ನಿಮಿಷ ಸಾಕು.

ಕಾಳು ಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದರೂ ಆಕಾರವೇ ಹಿಡಿದುಕೊಡುತ್ತೆ. ಮೆಣಸು ಗುಂಡು, ಒಣಗಿದ ಪಪ್ಪಾಯಿ ಬೀಜ ಕೊಂಚ ಉದ್ದ, ಮುದುಡಿರುತ್ತೆ. ನೀರಿಗೆ ಹಾಕಿದರೆ ಒಳ್ಳೆ ಮೆಣಸು ಮುಳುಗುತ್ತೆ, ಪಪ್ಪಾಯಿ ಬೀಜ ತೇಲುತ್ತೆ. ಆದರೆ ಜೊಳ್ಳು ಮೆಣಸೂ ತೇಲಬಹುದು, ಅದಕ್ಕೆ ತೇಲಿದ್ದನ್ನು ಎತ್ತಿ ಆಕಾರ ನೋಡಿಯೇ ತೀರ್ಮಾನ ಮಾಡಿ.

ವಾಟ್ಸಾಪ್ ಫೋಟೊ ಸಾಲದು

ಈಗ ಎಲ್ಲರೂ ಫೋಟೊ ತೆಗೆದು ಕಳಿಸ್ತಾರೆ. ಆದರೆ ಫೋಟೊದಲ್ಲಿ ಮುದ್ದೆಯೂ ರೊಟ್ಟಿಯ ಹಾಗೆ ಚಪ್ಪಟೆ ಆಗುತ್ತೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೇಳುವುದಿದ್ದರೆ ಮೂರು ಫೋಟೊ ಕಳಿಸಿ: ಪಕ್ಕದಿಂದ ಒಂದು, ತುದಿಯಿಂದ ಒಂದು, ಅಡ್ಡ ಕೊಯ್ದು ಒಂದು. ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ.

ಜೊತೆಗೆ ನಾಲ್ಕು ಮಾತು ಹೇಳಿ: ತೊಟ್ಟು ಯಾವ ಕಡೆ, ದಪ್ಪ ಎಲ್ಲಿ, ಅಡ್ಡ ಕೊಯ್ದರೆ ಎಷ್ಟು ಮೂಲೆ, ಮೈ ನಯವೋ ತರಿಯೋ. "ಹುಲ್ಲಿನಂಥ ಕಳೆ ಬಂದೈತೆ ಸಾರ್" ಅನ್ನೋ ಬದಲು "ಕಾಂಡ ಮೂರು ಮೂಲೆ ಐತೆ, ಕಿತ್ತರೆ ಬೇರಿನಲ್ಲಿ ಸಣ್ಣ ಗಡ್ಡೆ ಬರುತ್ತೆ" ಅಂದರೆ ಅದು ಜೇಕಿನ ಜಾತಿ ಅಂತ ಆ ಕಡೆಯವರಿಗೆ ಫೋನ್‌ನಲ್ಲೇ ಗೊತ್ತಾಗುತ್ತೆ.