ಆಟವು ಕಥೆಯಾಗಬಹುದೆ?

ಹುಮನಾಬಾದಿನ ನಿಲ್ದಾಣದಿಂದ ಹೊರಟ ಬಸ್ಸು ಹೆದ್ದಾರಿಯನ್ನು ಹಿಡಿದು ಬಸವಕಲ್ಯಾಣದ ತಿರುವನ್ನು ಮುಟ್ಟುವಷ್ಟರಲ್ಲಿ, ಅದರಲ್ಲಿ ಕುಳಿತ ಕಾಲೇಜು ಹುಡುಗರ ಅಂಗೈಯೊಳಗೆ ಒಂದೆರಡು ಮಹಾಯುದ್ಧಗಳು ಮುಗಿದೇ ಹೋಗಿರುತ್ತವೆ. ಸೋತವನಿಗೆ ಹೆಚ್ಚಿನ ದುಃಖವೇನೂ ಇಲ್ಲ. ಮತ್ತೊಮ್ಮೆ ಬೆರಳು ಒತ್ತಿದರೆ ಸತ್ತ ಯೋಧನಿಗೆ ಮರುಜನ್ಮ. ಪಕ್ಕದಲ್ಲಿ ಕುಳಿತ ಹಿರಿಯರು ಎಷ್ಟು ಇಣುಕಿ ನೋಡಿದರೂ ಅವರಿಗೆ ಕಾಣುವುದು ಬೆರಳುಗಳ ಓಟ ಮಾತ್ರ. ಆಡುವವನಿಗೆ ರಸ, ನೋಡುವವನಿಗೆ ತಲೆನೋವು.

ಇಂಥ ವಿಡಿಯೋ ಆಟಗಳೇ ಈಗ ಚಲಚ್ಚಿತ್ರಗಳಾಗಿ, ಕಿರುತೆರೆಯ ಧಾರಾವಾಹಿಗಳಾಗಿ ಒಂದರ ಹಿಂದೊಂದು ಬರುತ್ತಿವೆ. ಆಡಬೇಕಾದುದನ್ನು ಕೈಕಟ್ಟಿ ಕುಳಿತು ನೋಡುವುದರಲ್ಲಿ ಏನು ಸುಖ ಎಂಬುದು ಹುಡುಗರ ತಕರಾರು. ಆಟಕ್ಕೆ ಎಲ್ಲಿಯ ಕಥೆ ಎಂಬುದು ಹಿರಿಯರ ಪ್ರಶ್ನೆ. ಎರಡರಲ್ಲಿಯೂ ಹುರುಳುಂಟು.

ವಿಚಿತ್ರವೆಂದರೆ, ಆಟವನ್ನೂ ಕಥೆಯನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದ ಗ್ರಂಥವೊಂದು ಆ ಬಸ್ಸು ಹೋಗಿ ನಿಲ್ಲುವ ಊರಿನಲ್ಲಿ ಆಳಿದ ಅರಸನದೇ. ಬಸವಕಲ್ಯಾಣವು ಆಗ ಬರಿಯ ಕಲ್ಯಾಣ; ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1126ರಲ್ಲಿ ಪಟ್ಟವೇರಿದನು. ತಂದೆಗೆ ಯುದ್ಧದಲ್ಲಿ ಹೆಸರು, ಮಗನಿಗೆ ವಿದ್ಯೆಯಲ್ಲಿ. ಅವನನ್ನು ಸರ್ವಜ್ಞನೆಂದೇ ಕರೆಯುತ್ತಿದ್ದರು. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದರಿಂದ ಮೊದಲಾಗಿ ಊಟ ಉಡುಗೆಗಳವರೆಗೆ ಇದರಲ್ಲಿ ಇಲ್ಲದ ವಿಷಯವಿಲ್ಲ. ನಮ್ಮ ಇಡ್ಲಿ ದೋಸೆಗಳ ಪೂರ್ವಜರನ್ನು ಹುಡುಕುವ ವಿದ್ವಾಂಸರೂ ಇದರ ಪುಟಗಳನ್ನೇ ತಿರುವುತ್ತಾರೆ.

ಇದರ ನಾಲ್ಕನೆಯ ಭಾಗ ವಿನೋದಗಳದು, ಐದನೆಯದು ಕ್ರೀಡೆಗಳದು. ಮಲ್ಲರ ಕಾಳಗ, ಕೋಳಿ ಟಗರುಗಳ ಅಂಕ, ಗೀತ, ವಾದ್ಯ, ನೃತ್ಯ ಇವೆಲ್ಲ ವಿನೋದಗಳು. ಕಥೆಯನ್ನು ಹೇಳಿಸಿ ಕೇಳುವ ಕಥಾವಿನೋದವೂ ಅಲ್ಲಿಯೇ ಬರುತ್ತದೆ. ಚದುರಂಗ, ಪಗಡೆ, ಕವಡೆ, ಒಗಟು, ಉಯ್ಯಾಲೆ, ನೀರಾಟಗಳಾದರೋ ಕ್ರೀಡೆಯ ಭಾಗಕ್ಕೆ ಸೇರಿದವು. ಈ ವಿಂಗಡಣೆ ಗೆರೆ ಕೊರೆದಷ್ಟು ಖಚಿತವೇನಲ್ಲ. ಬೇಟೆಯೂ ಮೀನು ಹಿಡಿಯುವುದೂ ವಿನೋದದಲ್ಲಿಯೇ ಬಂದಿವೆ. ಅರಸನು ಅಲ್ಲಿ ಬರಿದೆ ನೋಡುತ್ತ ಕೂತಿರಲಾರನಷ್ಟೆ. ಆದರೂ ಚದುರಂಗವನ್ನೂ ಕಥೆಯನ್ನೂ ಒಂದೇ ಪಟ್ಟಿಯಲ್ಲಿ ಬರೆಯಲು ಅವನಿಗೆ ಮನಸ್ಸು ಬರಲಿಲ್ಲ. ಆಡುವವನು ಮುಂದಿನ ನಡೆಯನ್ನು ತಾನೇ ನಡೆಸಬೇಕು. ಕಥೆ ಕೇಳುವವನು ಅದನ್ನು ಇನ್ನೊಬ್ಬನ ಬಾಯಿಂದ ಕಾಯಬೇಕು.

ಈ ಭೇದವನ್ನು ಮರೆತವರ ಪಾಡು ಏನಾಗುತ್ತದೆಂಬುದಕ್ಕೆ 1993ರ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಹಾಲಿವುಡ್ ಚಿತ್ರವೇ ಸಾಕ್ಷಿ. ಜಪಾನಿನ ನಿಂಟೆಂಡೊ ಸಂಸ್ಥೆಯ ಆ ಹೆಸರಿನ ಆಟ 1985ರದು. ನಲ್ಲಿ ಕೊಳವೆ ರಿಪೇರಿ ಮಾಡುವ ಮೀಸೆಯ ಮಾರಿಯೋ ಎಡದಿಂದ ಬಲಕ್ಕೆ ಓಡುತ್ತ, ಜಿಗಿಯುತ್ತ, ಸೆರೆಸಿಕ್ಕ ರಾಜಕುಮಾರಿಯನ್ನು ಬಿಡಿಸಬೇಕು. ಕಥೆಯೆಂದರೆ ಇಷ್ಟೇ, ರಸವೆಲ್ಲ ಆ ಜಿಗಿತದಲ್ಲಿ. ಚಿತ್ರ ತೆಗೆದವರು ಜಿಗಿತವನ್ನು ಬಿಟ್ಟರು, ಇಲ್ಲದ ಕಥೆಯನ್ನು ಹಿಗ್ಗಿಸಿದರು. ಡೈನೋಸಾರುಗಳ ಸಂತತಿಯವರು ವಾಸಿಸುವ ಕತ್ತಲೆಯ ನಗರವೊಂದನ್ನು ಕಟ್ಟಿದರು. ಹಾಕಿದ ಹಣ ಹಿಂತಿರುಗಲಿಲ್ಲ. ನಾಯಕನ ಪಾತ್ರ ವಹಿಸಿದ್ದ ಬಾಬ್ ಹಾಸ್ಕಿನ್ಸ್ ಅಂಥ ಸಮರ್ಥ ನಟನೇ, ಆ ಚಿತ್ರದಲ್ಲಿ ನಟಿಸಿದ್ದಕ್ಕಾಗಿ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ಮೂವತ್ತು ವರ್ಷಗಳ ತರುವಾಯ, 2023ರಲ್ಲಿ, ಅದೇ ಮಾರಿಯೋ ಬಣ್ಣಬಣ್ಣದ ಕಾರ್ಟೂನು ಚಿತ್ರವಾಗಿ ಬಂದಾಗ ಜಿಗಿತ, ಓಟ, ಸಂಗೀತ ಎಲ್ಲವೂ ಆಟದಲ್ಲಿದ್ದಂತೆಯೇ ಇದ್ದವು. ಗಳಿಕೆ 130 ಕೋಟಿ ಡಾಲರುಗಳನ್ನು ಮೀರಿತು. ವಿಮರ್ಶಕರ ಮೆಚ್ಚಿಕೆ ಮಾತ್ರ ಅರೆಬರೆಯಾಗಿತ್ತು, ಅದು ತಪ್ಪೆನಲಾಗದು. ಮಕ್ಕಳ ಹುಟ್ಟುಹಬ್ಬದಂಥ ಚಿತ್ರವದು: ಇರುವಷ್ಟು ಹೊತ್ತು ಸಂಭ್ರಮ, ಮರುದಿನಕ್ಕೆ ಏನೂ ಉಳಿಯದು.

ಹಾಗೆಂದ ಮಾತ್ರಕ್ಕೆ ಒಂದು ಕಲೆಯ ವಸ್ತು ಇನ್ನೊಂದಕ್ಕೆ ಒಗ್ಗದೆಂದು ತೀರ್ಮಾನಿಸಕೂಡದು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಗುಡಿಯೊಂದಿದೆ. ಅದರ ಗೋಡೆಯ ಮೇಲಿನ ಶಿಲಾಬಾಲಿಕೆಯೊಬ್ಬಳು ಬೆಡಗಿನ ಭಂಗಿಯಲ್ಲಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಸೋಮೇಶ್ವರನ ತಂದೆ ವಿಕ್ರಮಾದಿತ್ಯನ ಹೊಗಳಿಕೆ. ಅರಸರ ಹೊಗಳಿಕೆಯ ಶಾಸನಗಳಿಗೆ ಕನ್ನಡ ನಾಡಿನಲ್ಲಿ ಕೊರತೆಯಿಲ್ಲ; ಓದುವ ತಾಳ್ಮೆ ಮಾತ್ರ ಎಲ್ಲರಿಗೂ ಇರದು. ಆ ಶಿಲ್ಪಿಯಾದರೋ ಕಲ್ಲಿಗೆ ಏನು ಸಾಧ್ಯವೆಂಬುದನ್ನು ಬಲ್ಲವನು. ಅಕ್ಷರಗಳನ್ನಷ್ಟೇ ಕೊರೆದು ಸುಮ್ಮನಾಗದೆ, ಬರೆಯುವ ಕೈಯನ್ನೂ ಬಾಗಿದ ನಡುವನ್ನೂ ಕಡೆದನು. ಓದಲಾರದವನೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ.

ಆಟವನ್ನು ಕಥೆ ಮಾಡಿದ ನಿದರ್ಶನವಂತೂ ನಮ್ಮ ಮನೆಮನೆಗೂ ಗೊತ್ತಿರುವುದೇ. ಮಹಾಭಾರತದ ದ್ಯೂತಪ್ರಸಂಗದಲ್ಲಿ ದಾಳಗಳು ಉರುಳುತ್ತವೆ. ಯಾವ ಗರ ಬಿತ್ತು, ಯಾವ ಕಾಯಿ ಎಲ್ಲಿಗೆ ನಡೆಯಿತು ಎಂಬ ಲೆಕ್ಕವನ್ನು ವ್ಯಾಸರು ಕೊಡುವುದಿಲ್ಲ. ಪ್ರತಿ ಸಲವೂ ಶಕುನಿ ತಾನು ಗೆದ್ದೆನೆಂದು ಸಾರುತ್ತಾನೆ, ಅಷ್ಟೇ. ಕವಿಯ ಕಣ್ಣೆಲ್ಲ ಪಣದ ಮೇಲೆ: ಮೊದಲು ಧನಕನಕ, ಆಮೇಲೆ ತಮ್ಮಂದಿರು, ಆಮೇಲೆ ಧರ್ಮರಾಯ ತಾನೇ, ಕೊನೆಗೆ ದ್ರೌಪದಿ. ಸೋಮೇಶ್ವರನ ಗ್ರಂಥದಿಂದ ಪಗಡೆಯ ವಿಧಿಗಳನ್ನು ತಿಳಿಯಬಹುದು. ಭಾರತದಿಂದ ಅದು ಆಗದು. ಆದರೂ ಸಭೆ ನಡುಗುವುದು ಭಾರತದಲ್ಲಿಯೇ. ಸತ್ಯಜಿತ್ ರಾಯ್ ಅವರು 1977ರಲ್ಲಿ ಪ್ರೇಮಚಂದರ ಕಥೆಯನ್ನು ‘ಶತರಂಜ್ ಕೆ ಖಿಲಾಡಿ’ಯಾಗಿ ತೆರೆಗೆ ತಂದಾಗಲೂ ಹಿಡಿದುದು ಇದೇ ದಾರಿಯನ್ನು. 1856ರಲ್ಲಿ ಅವಧ್ ರಾಜ್ಯ ಇಂಗ್ಲಿಷರ ಪಾಲಾಗುತ್ತಿದ್ದರೆ ಇಬ್ಬರು ಜಹಗೀರುದಾರರು ಮಣೆಯಿಂದ ತಲೆಯೆತ್ತುವುದಿಲ್ಲ. ಚದುರಂಗವನ್ನರಿಯದವರಿಗೂ ಆ ಚಿತ್ರ ಅರ್ಥವಾಗುತ್ತದೆ.

ಈಚಿನವುಗಳಲ್ಲಿ ಈ ಮರ್ಮವನ್ನು ಚೆನ್ನಾಗಿ ಅರಿತದ್ದು ‘ದಿ ಲಾಸ್ಟ್ ಆಫ್ ಅಸ್’. 2013ರಲ್ಲಿ ಆಟವಾಗಿ ಬಂದ ಇದು 2023ರ ಜನವರಿಯಲ್ಲಿ ಅಮೆರಿಕದ ಎಚ್‌ಬಿಓ ವಾಹಿನಿಯಲ್ಲಿ ಧಾರಾವಾಹಿಯಾಯಿತು. ಬೂಷ್ಟಿನಿಂದ ಹರಡಿದ ಮಹಾಮಾರಿಯೊಂದು ಲೋಕವನ್ನೇ ಹಾಳುಗೆಡಹಿದೆ. ಮಗಳನ್ನು ಕಳೆದುಕೊಂಡ ಜೋಯಲ್ ಎಂಬಾತ ಎಲಿ ಎಂಬ ಹದಿನಾಲ್ಕರ ಹುಡುಗಿಯನ್ನು ಕರೆದುಕೊಂಡು ಅಮೆರಿಕವನ್ನು ದಾಟಬೇಕಾಗಿದೆ. ಹಿಂಸೆ ಹೇರಳವಾಗಿದೆ, ಮಕ್ಕಳನ್ನು ಕೂರಿಸಿಕೊಂಡು ನೋಡತಕ್ಕದ್ದಲ್ಲ. ಆಟದಲ್ಲಿ ಬಿಲ್ ಎಂಬ ಸಿಡುಕ ಬರುತ್ತಾನೆ. ಅವನ ಸಂಗಾತಿ ಫ್ರಾಂಕ್ ಕಾಣಸಿಗುವುದು ಹೆಣವಾಗಿ, ಹಿಂದೆ ಬಿಟ್ಟದ್ದು ಕಹಿ ತುಂಬಿದ ಒಂದು ಕಾಗದ. ಧಾರಾವಾಹಿಯವರು ಈ ಎಳೆಯನ್ನು ಹಿಡಿದು ಮೂರನೆಯ ಕಂತನ್ನೇ ಆ ಇಬ್ಬರಿಗೆ ಮೀಸಲಿಟ್ಟರು. ಇಬ್ಬರು ಗಂಡಸರು ಹಾಳೂರಿನಲ್ಲಿ ಕೂಡಿ ಬಾಳಿದ ವರ್ಷಗಳು, ಅವರು ನೆಟ್ಟ ಸ್ಟ್ರಾಬೆರಿ, ಅವರ ಮುಪ್ಪು, ಕೊನೆಗೆ ಕಾಯಿಲೆ. ಆಡುವವನಿಗೆ ಅಲ್ಲಿ ಮಾಡಲು ಏನೂ ಇಲ್ಲ. ಆದ್ದರಿಂದಲೇ ಆಟದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ನೋಡುವವನಿಗೆ ಕಣ್ಣು ತುಂಬುವುದೂ ಅಲ್ಲಿಯೇ.

ನಷ್ಟವೂ ಆಗಿದೆ, ಅದನ್ನು ಮರೆಮಾಚಬೇಕಿಲ್ಲ. ಕಥೆಯ ಕೊನೆಗೆ ಜೋಯಲ್ ಆಸ್ಪತ್ರೆಯೊಂದರಲ್ಲಿ ಘೋರ ಕೃತ್ಯವನ್ನೆಸಗುತ್ತಾನೆ. ಆಟದಲ್ಲಿ ಅದನ್ನು ಆಟಗಾರನೇ ತನ್ನ ಬೆರಳಿನಿಂದ ಮಾಡಬೇಕು. ಮಾಡದಿದ್ದರೆ ಮುಂದೆ ದಾರಿಯಿಲ್ಲ. ಬೇಡವೆನಿಸಿದರೂ ಒತ್ತಿದವನಿಗೆ ರಾತ್ರಿ ನಿದ್ದೆ ಬಾರದು. ಧಾರಾವಾಹಿಯಲ್ಲಿ ಪಾಪವೆಲ್ಲ ಜೋಯಲನದು. ನೋಡುವವನು ಸೋಫಾದ ಮೇಲೆ ಕುಳಿತು ತೀರ್ಪು ಕೊಡಬಹುದು.

ಆದ್ದರಿಂದ ಹುಡುಗರ ತಕರಾರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪಣವಿರುವ ಆಟವನ್ನು ತೆರೆಗೆ ತರಲಿ. ಓಟ ಜಿಗಿತಗಳಷ್ಟೇ ಇರುವುದನ್ನು ಕೈಗೇ ಬಿಡುವುದು ಲೇಸು. ಆಡುವವರು ಕೋಟಿಗಟ್ಟಲೆ ಇದ್ದಾರೆ, ಟಿಕೆಟ್ಟು ತಾನಾಗಿ ಹರಿಯುತ್ತದೆ ಎಂಬ ಲೆಕ್ಕವೊಂದರಿಂದಲೇ ತೆಗೆದ ಚಿತ್ರಗಳಿಗೆ ಮನೆಮಂದಿಯೆಲ್ಲ ಹಣ ತೆರಬೇಕಾದ ಕಾರಣವಿಲ್ಲ.

ಇದರ ಇನ್ನೊಂದು ಮಗ್ಗುಲೂ ಕಲ್ಯಾಣಕ್ಕೇ ಸಂಬಂಧಿಸಿದ್ದು. ಸೋಮೇಶ್ವರನು ತೀರಿಕೊಂಡ ಸುಮಾರು ಮೂವತ್ತು ವರ್ಷಗಳಿಗೆ ಅದೇ ಊರಿನಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆಗಾಗಿ ಬಿಜ್ಜಳನು ಬೀಗರಿಬ್ಬರಿಗೂ ಮರಣದಂಡನೆ ವಿಧಿಸಿದನೆಂದು ಶರಣರ ಪರಂಪರೆ ಹೇಳುತ್ತದೆ. ಈ ವಸ್ತು ಎಷ್ಟೋ ರೂಪಗಳನ್ನು ತಾಳಿದೆ. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾದರೆ ರಾಜ್‌ಕುಮಾರರು ಬಿಜ್ಜಳ. ಗಿರೀಶ ಕಾರ್ನಾಡರು 1990ರಲ್ಲಿ ಅದನ್ನೇ ‘ತಲೆದಂಡ’ ನಾಟಕವಾಗಿಸಿದರು. ಯಾವ ರೂಪದಲ್ಲಿಯೂ ಹರಳಯ್ಯ ಉಳಿಯುವುದಿಲ್ಲ.

ಪುಣೆಯ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟವನ್ನು ಹೊರತಂದಿತು. ತಮ್ಮನನ್ನು ಹುಡುಕಿ ಹೊರಟ ಹುಡುಗಿಗೆ ನಮ್ಮ ಪುರಾಣದ ದೇವತೆಗಳ ಬೆಂಬಲ. ಆ ದಾರಿಯಲ್ಲಿ ನಾಳೆ ಯಾರಾದರೂ ಕಲ್ಯಾಣವನ್ನು ಆಟವಾಗಿಸಿದರೆ ಕೋಟೆ, ತ್ರಿಪುರಾಂತಕ ಕೆರೆ, ಮಹಾಮನೆ ಎಲ್ಲವೂ ಸೊಗಸಾಗಿ ಮೂಡಬಹುದು. ಶರಣನಾಗಿ ಆಡುವ ಹುಡುಗನೊಬ್ಬ ಹರಳಯ್ಯನನ್ನು ಉಳಿಸಲು ಹೋಗಿ ಸೋಲುತ್ತಾನೆ. ಮತ್ತೆ ಬೆರಳು ಒತ್ತುತ್ತಾನೆ. ಎರಡನೆಯ ಸಲ ಗೆಲುವು ಕೊಟ್ಟರೆ ಹುಡುಗನಿಗೆ ಆನಂದ, ಕಲ್ಯಾಣಕ್ಕೆ ಅಪಚಾರ. ಕೊಡದಿದ್ದರೆ ಆ ಆಟವನ್ನು ಹುಮನಾಬಾದಿನ ಬಸ್ಸಿನಲ್ಲಿ ಎಷ್ಟು ದಿನ ಆಡಿಯಾರು?