ಗುಮ್ಮಟದ ನೆರಳಿನಲ್ಲಿ ಹೂಡಿಕೆ: ಮುನ್ನೂರು ಮೀಟರಿನ ಲೆಕ್ಕ

ಕಲಬುರಗಿಯಿಂದ ಕಮಲಾಪುರದ ಮೂಲಕ ಹುಮನಾಬಾದಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಇಂದು ಮುಖ್ಯವಾಗಿ ಸರಕು ಸಾಗಣೆಯ ಮಾರ್ಗ. ಆದರೆ ಈ ದಿಕ್ಕಿನ ಸಂಚಾರಕ್ಕೆ ಆರು ಶತಮಾನಗಳ ಇತಿಹಾಸವಿದೆ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಮೊದಲು ಕಲಬುರಗಿ, ಹದಿನೈದನೆಯ ಶತಮಾನದ ಪೂರ್ವಾರ್ಧದಿಂದ ಬೀದರ್ ರಾಜಧಾನಿಯಾಗಿದ್ದವು. ನಗರದಲ್ಲಿ ಕೋಟೆ, 1367ರ ಜಾಮಿ ಮಸೀದಿ, ಹಫ್ತ್ ಗುಂಬಜ್‌ಗಳು ಉಳಿದಿರುವಂತೆ, ಕಮಲಾಪುರ ಭಾಗದ ಹೊಳಕುಂದಾದಲ್ಲಿ ಹೊಲಗಳ ನಡುವೆ ಗುಮ್ಮಟಗಳ ಸಮೂಹವೊಂದು ನಿಂತಿದೆ. ದಖನಿ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳನ್ನು 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದಾಗ ಕಲಬುರಗಿಯ ಬಹಮನಿ ಸ್ಮಾರಕಗಳಿಗೂ ಅದರಲ್ಲಿ ಸ್ಥಾನ ದೊರೆಯಿತು.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಬೀದರ್–ಕಲಬುರಗಿ ರೈಲು ಮಾರ್ಗವು 2017ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಯಿಂದಾಗಿ ಊರಿನ ಹೆಸರು ದೂರದ ಮಾರುಕಟ್ಟೆಗಳಿಗೂ ತಲುಪಿದೆ. ರಜಾದಿನಗಳಲ್ಲಿ ನಗರದ ಕುಟುಂಬಗಳು ಹಳೆಯ ಕಟ್ಟಡಗಳತ್ತ ಹೊರಡುವುದು ರೂಢಿಯಾದಂತೆ, ಅಲ್ಲೊಂದು ಉಪಾಹಾರ ಗೃಹ, ಇಲ್ಲೊಂದು ರೆಸಾರ್ಟ್ ಎಂಬ ಆಲೋಚನೆ ವರ್ತಕರಲ್ಲಿ ಮೂಡುವುದು ಸಹಜವೇ ಆಗಿದೆ. ಆದರೆ ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಮಾಡಬೇಕಾದ ಲೆಕ್ಕವೊಂದಿದೆ.

ಕಾನೂನಿನ ಅಳತೆ

ಸ್ಮಾರಕವು ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿದ್ದರೆ 1958ರ ಕಾಯಿದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಎರಡನೆಯದರಲ್ಲಿ ಸಕ್ಷಮ ಪ್ರಾಧಿಕಾರದ ಅನುಮತಿ ಕಡ್ಡಾಯ. ಉಲ್ಲಂಘಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಕಾಯಿದೆಯು ಕಟ್ಟಡವನ್ನಷ್ಟೇ ಅಲ್ಲ, ಯಾವುದೇ ‘ರಚನೆ’ಯನ್ನು ಹೆಸರಿಸುವುದರಿಂದ, ಕಾಂಕ್ರೀಟು ಬಳಸದೆ ತಗಡಿನ ಶೆಡ್ಡು ಹಾಕಿದರೆ ಬಾಧಕವಿಲ್ಲವೆಂದು ಭಾವಿಸುವುದು ತಪ್ಪು.

ಒಂದೇ ಬಿಂದುವಿನಿಂದ ಅಳೆದರೂ 100 ಮೀಟರಿನ ವೃತ್ತದೊಳಗೆ ಸುಮಾರು ಏಳೂಮುಕ್ಕಾಲು ಎಕರೆ, 300 ಮೀಟರಿನ ವೃತ್ತದೊಳಗೆ ಸುಮಾರು 70 ಎಕರೆ ಭೂಮಿ ಬರುತ್ತದೆ. ಅಳತೆ ಗಡಿಯಿಂದ ಆರಂಭವಾಗುವ ಕಾರಣ ವಾಸ್ತವದ ವಿಸ್ತೀರ್ಣ ಇನ್ನೂ ಹೆಚ್ಚು. ರಾಜ್ಯ ಸರ್ಕಾರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯಿದೆ ಹಾಗೂ ಅದರ ಅಧಿಸೂಚನೆಗಳು ಆಧಾರ. ಆದುದರಿಂದ ಸ್ಮಾರಕ ಯಾವ ಪಟ್ಟಿಯಲ್ಲಿದೆ, ಯಾವ ಸರ್ವೆ ನಂಬರುಗಳು ಒಳಪಟ್ಟಿವೆ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು. ಪಹಣಿ ಶುದ್ಧವಾಗಿದೆ, ಪಂಚಾಯಿತಿ ಪರವಾನಗಿ ಕೈಯಲ್ಲಿದೆ ಎಂಬುದಷ್ಟೇ ಸಾಲದು.

ಹಂಪಿಯ ಪಾಠ

ಈ ಪರಿಶೀಲನೆಯ ಬೆಲೆ ಏನೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಹಂಪಿಯೆದುರು, ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರನ್ನು ನೆಚ್ಚಿಕೊಂಡು ರೆಸಾರ್ಟುಗಳು ಬೆಳೆದವು. ಆ ಪ್ರದೇಶವನ್ನು ಸಂರಕ್ಷಿಸುವ ಅಧಿಸೂಚನೆ 1988ರದು. ವ್ಯಾಜ್ಯವು ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೇರಿ, 2020ರ ಫೆಬ್ರುವರಿಯಲ್ಲಿ ತೆರವಿನ ಆದೇಶ ಸ್ಥಿರಗೊಂಡಿತು. ಮುಂದಿನ ತಿಂಗಳೇ ಕಟ್ಟಡಗಳು ನೆಲಸಮವಾದವು. ಅದಕ್ಕೂ ಮೊದಲು, 2011ರ ಜುಲೈನಲ್ಲಿ, ವಿರೂಪಾಕ್ಷ ದೇಗುಲದ ಮುಂದಿನ ಬಜಾರಿನಲ್ಲಿ ನೆಲೆಸಿದ್ದ ಕುಟುಂಬಗಳ ಮನೆ, ಅಂಗಡಿಗಳೂ ತೆರವಾಗಿದ್ದವು. ಯಾತ್ರಿಕರಿಗೆ ಊಟ, ವಸತಿ ಒದಗಿಸುತ್ತಿದ್ದವರೇ ನೆಲೆ ಕಳೆದುಕೊಂಡರು. ಸಂರಕ್ಷಣೆ ಗೆದ್ದಿತೆಂದು ಹೇಳಬಹುದಾದರೂ, ಆ ಗೆಲುವಿನ ವೆಚ್ಚವನ್ನು ಬಹುಪಾಲು ಭರಿಸಿದವರು ಸಣ್ಣ ವರ್ತಕರು. ಕಲಬುರಗಿಯ ಕೋಟೆಯೊಳಗೂ ಕುಟುಂಬಗಳು ನೆಲೆಸಿದ್ದು, ಅವುಗಳ ತೆರವು ಮತ್ತು ಪುನರ್ವಸತಿಯ ಪ್ರಶ್ನೆ ದೀರ್ಘಕಾಲ ಕಾಡಿದೆ. ಕಟ್ಟಿದ ಮೇಲೆ ಕೆಡವುವುದಕ್ಕಿಂತ, ಎಲ್ಲಿ ಕಟ್ಟಬಾರದೆಂದು ಮೊದಲೇ ತಿಳಿಯುವುದು ಉಭಯತರಿಗೂ ಲಾಭಕರ.

ಕಾಯಿದೆ ತೆರೆದಿಟ್ಟ ಬಾಗಿಲು

ಹಾಗೆಂದು ಕಾಯಿದೆಯು ಜನರನ್ನು ದೂರವಿಡುವ ಬೇಲಿಯಲ್ಲ. ಸಾರ್ವಜನಿಕ ಶೌಚಾಲಯ, ಚರಂಡಿ, ಸಾರ್ವಜನಿಕರಿಗೆ ನೀರು ಮತ್ತು ವಿದ್ಯುತ್ ಪೂರೈಸುವ ಕಾಮಗಾರಿಗಳನ್ನು 2010ರ ತಿದ್ದುಪಡಿಯು ‘ನಿರ್ಮಾಣ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಇದು ಬಹುಜನರ ಗಮನಕ್ಕೆ ಬಾರದ ಅಂಶ. ಬೇಸಾಯಕ್ಕೂ ಈ ನಿರ್ಮಾಣ ನಿಷೇಧ ಅಡ್ಡಿಯಾಗದು. ಗುಮ್ಮಟದ ಸುತ್ತಲಿನ ಹೊಲ ಹೊಲವಾಗಿಯೇ ಉಳಿದರೆ ನೋಟವೂ ಉಳಿಯುತ್ತದೆ, ಬೆಳೆಯೂ ಕೈಗೆ ಬರುತ್ತದೆ. ಮಕ್ಕಳೊಂದಿಗೆ ಬಂದ ಕುಟುಂಬಕ್ಕೆ ಮೊದಲು ಬೇಕಾದುದು ರೆಸಾರ್ಟ್ ಅಲ್ಲ. ಕುಡಿಯುವ ನೀರು, ಶುಚಿಯಾದ ಶೌಚಾಲಯ ಮತ್ತು ಕಸದ ಬುಟ್ಟಿ. ಅವು ಇರುವಲ್ಲಿ ಸಂದರ್ಶಕರು ಒಂದು ಗಂಟೆ ಹೆಚ್ಚು ನಿಲ್ಲುತ್ತಾರೆ. ಹಾಗೆ ನಿಂತವರು ಮರಳುವಾಗ ಹೆದ್ದಾರಿಯಲ್ಲಿ ಊಟ ಮಾಡುತ್ತಾರೆ, ಕಮಲಾಪುರದಲ್ಲಿ ಬಾಳೆಯ ಗೊನೆ ಕೊಳ್ಳುತ್ತಾರೆ.

ಹಣದ ಮೂಲವೂ ಇಲ್ಲದಿಲ್ಲ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯು ಐತಿಹಾಸಿಕ ತಾಣಗಳ ಪುನರುಜ್ಜೀವನ, ನೈರ್ಮಲ್ಯ ಹಾಗೂ ಸುರಕ್ಷಿತ ಕುಡಿಯುವ ನೀರನ್ನು ಸಾಮಾಜಿಕ ಹೊಣೆಗಾರಿಕೆಯ ಬಾಬುಗಳಲ್ಲಿ ಸೇರಿಸಿದೆ. ನಿವ್ವಳ ಲಾಭ ಐದು ಕೋಟಿ ರೂಪಾಯಿ ಮುಟ್ಟಿದ ಕಂಪನಿಗೆ ಈ ಹೊಣೆ ಅನ್ವಯವಾಗುವ ಕಾರಣ, ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳಂಥ ದೊಡ್ಡ ಉದ್ಯಮಗಳ ಮುಂದೆ ವಾಣಿಜ್ಯ ಸಂಸ್ಥೆಗಳು ಸಿದ್ಧ ಯೋಜನೆಯೊಂದನ್ನು ಇಡಬಹುದಾಗಿದೆ. ಸಣ್ಣ ಉದ್ಯಮಿಗಳು ಕೂಡಿ ಶೌಚಾಲಯವೊಂದರ ನಿರ್ವಹಣೆಯನ್ನು ಹೊತ್ತರೂ ಅದು ಸಣ್ಣ ಕೊಡುಗೆಯಲ್ಲ.

ಬಂಡವಾಳವನ್ನು ಹೆದ್ದಾರಿ ಮತ್ತು ಪಟ್ಟಣದಲ್ಲಿ ತೊಡಗಿಸಿ, ಸೌಕರ್ಯವನ್ನು ಸ್ಮಾರಕದ ಬಳಿ ಒದಗಿಸಿ, ನಡುವಿನ ಬಯಲನ್ನು ಬಯಲಾಗಿಯೇ ಬಿಡುವುದು ವಿವೇಕದ ಮಾರ್ಗ. ಗುಮ್ಮಟವನ್ನು ಮರೆಮಾಡಿದ ಕಟ್ಟಡವು ತನ್ನ ಗಿರಾಕಿಯನ್ನು ತಾನೇ ಕಳೆದುಕೊಳ್ಳುತ್ತದೆಂಬುದನ್ನು ವರ್ತಕ ಬಂಧುಗಳು ಮರೆಯಲಾಗದು.